ಪತಿಯೇ ಶಿರಸ್ಸು ಎಂದರೆ ಏನರ್ಥ?



ಒಂದು ಮನೆಯ ಚಿತ್ರವನ್ನು ಕಣ್ಮುಂದೆ ತಂದುಕೊಳ್ಳಿ. ಹೆಂಡತಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬರುತ್ತಾಳೆ. ತಿಂಗಳ ಸಂಬಳವನ್ನು ಹಾಗೆಯೇ ತಂದು ಗಂಡನ ಕೈಗಿಡಬೇಕು. ತವರಿಗೆ ಹೋಗಲೂ, ಹೆತ್ತ ತಾಯಿಗೆ ಔಷಧಿ ಕೊಡಿಸಲೂ ಅವನ ಅಪ್ಪಣೆ ಬೇಕು. ಒಂದು ರಾತ್ರಿ ಮಾತಿಗೆ ಮಾತು ಬೆಳೆದು ಅವನು ಕೈ ಎತ್ತುತ್ತಾನೆ. ಬೆಳಿಗ್ಗೆ ಅತ್ತೆಯ ಬಳಿ ಹೇಳಿಕೊಂಡರೆ, “ಸಹಿಸಿಕೊಳ್ಳಮ್ಮ, ಗಂಡನಿಗೆ ತಗ್ಗಿ ನಡೀಬೇಕು ಅಂತ ಬೈಬಲಿನಲ್ಲೇ ಇದೆಯಲ್ಲ” ಎನ್ನುತ್ತಾರೆ. ಅವಳು ಸುಮ್ಮನಾಗುತ್ತಾಳೆ. ದೇವರೇ ಹೀಗೆ ಹೇಳಿದ್ದರೆ ಇನ್ನು ಯಾರಲ್ಲಿ ದೂರುವುದು?

ಇಂಥ ಮನೆ ನಮ್ಮ ಧರ್ಮಕೇಂದ್ರದಲ್ಲಿ ಒಂದೂ ಇಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಆದ್ದರಿಂದ, ಆ ಅತ್ತೆ ನೆನಪಿಸಿದ ವಾಕ್ಯವನ್ನು ಇಂದು ಒಟ್ಟಿಗೆ ಓದೋಣ. ಅದು ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯದಲ್ಲಿದೆ. ವಿವಾಹ ಸಂಸ್ಕಾರದಲ್ಲಿಯೂ, ‘ಬಿ’ ವರ್ಷದ ಸಾಧಾರಣ ಕಾಲದ 21ನೆಯ ಭಾನುವಾರದ ಪೂಜೆಯಲ್ಲಿಯೂ ಈ ಭಾಗವನ್ನು ಕೇಳಿರುತ್ತೀರಿ.

ಓದುವುದು ಹೇಗೆ?

ಕಠಿಣವಾದ ವಾಕ್ಯ ಎದುರಾದಾಗ ನಾವು ಎರಡು ತಪ್ಪು ಮಾಡುತ್ತೇವೆ. ಕೆಲವರು ಅದನ್ನು ಹಿಂದುಮುಂದು ನೋಡದೆ ಕೋಲಿನಂತೆ ಎತ್ತಿಕೊಳ್ಳುತ್ತಾರೆ. ಇನ್ನು ಕೆಲವರು, ಇದು ಹಳೆಯ ಕಾಲದ ಮಾತೆಂದು ಪುಟ ಮಗುಚುತ್ತಾರೆ. ಧರ್ಮಸಭೆ ಈ ಎರಡು ದಾರಿಯನ್ನೂ ಒಪ್ಪುವುದಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ದೈವಪ್ರಕಟಣೆಯನ್ನು ಕುರಿತು ಹೊರಡಿಸಿದ ಶಾಸನದ 12ನೆಯ ಪರಿಚ್ಛೇದ ನಮಗೆ ದಾರಿ ತೋರಿಸುತ್ತದೆ. ಬರೆದವರು ತಮ್ಮ ಕಾಲದಲ್ಲಿ ಏನು ಹೇಳಬಯಸಿದರು, ಯಾವ ರೀತಿಯ ಬರವಣಿಗೆಯಲ್ಲಿ ಹೇಳಿದರು ಎಂದು ಮೊದಲು ಕೇಳಬೇಕು. ಬಳಿಕ ಆ ಮಾತನ್ನು ಇಡೀ ಪವಿತ್ರ ಗ್ರಂಥದ ಬೆಳಕಿನಲ್ಲಿ ಇಟ್ಟು ನೋಡಬೇಕು.

ಅಂದಿನ ಮನೆ

ಆ ಕಾಲದ ಗ್ರೀಕ್ ಮತ್ತು ರೋಮನ್ ಸಮಾಜದಲ್ಲಿ ಮನೆಯ ಯಜಮಾನನದೇ ಅಧಿಕಾರ. ಗಂಡ ಹೆಂಡತಿಯನ್ನು, ತಂದೆ ಮಕ್ಕಳನ್ನು, ಒಡೆಯ ದಾಸರನ್ನು ಹೇಗೆ ಆಳಬೇಕೆಂದು ಪತ್ರಕ್ಕಿಂತ ಸುಮಾರು 400 ವರ್ಷಗಳ ಹಿಂದೆಯೇ ಅರಿಸ್ಟಾಟಲ್ ವಿವರಿಸಿದ್ದನು. ಪತ್ರವೂ ಇದೇ ಮೂರು ಜೋಡಿಗಳನ್ನು ತೆಗೆದುಕೊಳ್ಳುತ್ತದೆ. ಅಂದರೆ, ಅಂದು ಎಲ್ಲರಿಗೂ ಪರಿಚಯವಿದ್ದ ಗೃಹಧರ್ಮದ ಚೌಕಟ್ಟು ಅದು. ಚೌಕಟ್ಟು ಸಮಾಜದ್ದು. ಅದರೊಳಗೆ ತುಂಬಿದ ಹೊಸ ವಿಷಯವೇನು ಎಂಬುದೇ ನಮ್ಮ ಪ್ರಶ್ನೆ.

ಆ ವಿಷಯ 21ನೆಯ ವಚನದಲ್ಲಿಯೇ ಇದೆ. ಕ್ರಿಸ್ತರ ಮೇಲಿನ ಗೌರವದಿಂದ ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬುದು ಅದರ ಸಾರ. ಹೆಂಡತಿಯರನ್ನು ಕುರಿತ 22ನೆಯ ವಚನದಲ್ಲಿ, ಕೆಲವು ಅತಿ ಪ್ರಾಚೀನ ಗ್ರೀಕ್ ಹಸ್ತಪ್ರತಿಗಳ ಪ್ರಕಾರ, ‘ಅಧೀನ’ ಎಂಬ ಕ್ರಿಯಾಪದವೇ ಇಲ್ಲ; ಹಿಂದಿನ ವಚನದಿಂದಲೇ ಅದನ್ನು ತೆಗೆದುಕೊಳ್ಳಬೇಕು. ಹೀಗಿರುವಾಗ 21ನೆಯದನ್ನು ಬಿಟ್ಟು 22ನೆಯದನ್ನು ಮಾತ್ರ ಓದುವುದು ವಾಕ್ಯವನ್ನು ನಡುವೆ ಕತ್ತರಿಸಿದಂತೆ. ಮಕ್ಕಳಿಗೂ ದಾಸರಿಗೂ ಬಳಸಿದ ‘ಆಜ್ಞೆ ಪಾಲಿಸಿ’ ಎಂಬ ಗ್ರೀಕ್ ಪದವನ್ನು ಹೆಂಡತಿಯರಿಗೆ ಬಳಸಿಲ್ಲ ಎಂಬುದನ್ನೂ ಗಮನಿಸಿರಿ.

ಇನ್ನು ವಚನಗಳನ್ನು ಎಣಿಸಿ ನೋಡಿ. ಹೆಂಡತಿಯರಿಗೆ ಹೇಳಿರುವುದು ಮೂರು ವಚನ. ಅಲ್ಲಿಂದ ಮುಂದೆ ಅಧ್ಯಾಯ ಮುಗಿಯುವವರೆಗೆ ಹೆಚ್ಚಿನ ಮಾತೆಲ್ಲ ಗಂಡಂದಿರಿಗೆ. ‘ಆಳಿರಿ’ ಎಂದು ಅವರಿಗೆ ಒಮ್ಮೆಯೂ ಹೇಳಿಲ್ಲ. ಕ್ರಿಸ್ತರು ಧರ್ಮಸಭೆಗಾಗಿ ಪ್ರಾಣ ಕೊಟ್ಟಂತೆ ಪ್ರೀತಿಸಿರಿ, ಹೆಂಡತಿಯ ದೇಹವನ್ನು ನಿಮ್ಮ ಸ್ವಂತ ದೇಹದಂತೆ ಪೋಷಿಸಿರಿ ಎಂದಿದೆ. ಶಿರಸ್ಸಾದ ಕ್ರಿಸ್ತರು ಶಿಷ್ಯರ ಕಾಲು ತೊಳೆದರು, ಶಿಲುಬೆ ಏರಿದರು. ‘ನಾನು ಶಿರಸ್ಸು’ ಎನ್ನುವ ಗಂಡ ಯಾವ ಶಿರಸ್ಸನ್ನು ಹೋಲಬೇಕೆಂದು ತಿಳಿಯಿತಲ್ಲವೇ? ಸ್ವಂತ ದೇಹವನ್ನು ಯಾರೂ ಹೊಡೆಯುವುದಿಲ್ಲ.

ದಾಸರ ಪಾಠ

“ಬರೆದದ್ದು ಬರೆದದ್ದೇ, ನಾವು ವ್ಯಾಖ್ಯಾನ ಮಾಡುವುದೇಕೆ?” ಎಂದು ಕೇಳುವವರಿದ್ದಾರೆ. ಅವರು ಇದೇ ಪತ್ರದ 6ನೆಯ ಅಧ್ಯಾಯವನ್ನೂ ಓದಲಿ. ದಾಸರು ಒಡೆಯರಿಗೆ ವಿಧೇಯರಾಗಿರಬೇಕೆಂದು ಅಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡವರು ಈ ಮಾತನ್ನೇ ತಮ್ಮ ಆಧಾರವನ್ನಾಗಿ ಮಾಡಿಕೊಂಡಿದ್ದರು. ಆದರೆ ಜಗದ್ಗುರು ಹದಿಮೂರನೆಯ ಲಿಯೋರವರು 1888ರಲ್ಲಿ ಬ್ರೆಜಿಲ್ ದೇಶದ ಧರ್ಮಾಧ್ಯಕ್ಷರಿಗೆ ಪತ್ರ ಬರೆದು ಗುಲಾಮಗಿರಿಯನ್ನು ಖಂಡಿಸಿದರು. 1965ರಲ್ಲಿ ವ್ಯಾಟಿಕನ್ ಮಹಾಸಭೆಯೂ ಅದನ್ನು ಮಾನವ ಘನತೆಗೆ ಕಳಂಕವೆಂದು ಸಾರಿತು. ಬೈಬಲಿನಿಂದ ಆ ವಚನವನ್ನು ಯಾರೂ ಅಳಿಸಲಿಲ್ಲ. ಅದರಿಂದ ಗುಲಾಮಗಿರಿಯನ್ನು ಸಮರ್ಥಿಸುವುದನ್ನು ನಾವು ಬಿಟ್ಟೆವು.

ಜಗದ್ಗುರು ಎರಡನೆಯ ಜಾನ್ ಪೌಲರು 1988ರಲ್ಲಿ ಸ್ತ್ರೀಯರ ಘನತೆಯನ್ನು ಕುರಿತು ಬರೆದ ಪತ್ರದಲ್ಲಿ ಇದೇ ಹೋಲಿಕೆಯನ್ನು ಮುಂದಿಟ್ಟರು. ದಂಪತಿಗಳ ಅಧೀನತೆ ಏಕಮುಖವಲ್ಲ, ಪರಸ್ಪರವಾದದ್ದು ಎಂದು ಸ್ಪಷ್ಟಪಡಿಸಿದರು. ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯನ್ನು ಕುರಿತು ಹೊರಡಿಸಿದ ಪ್ರಬೋಧನೆಯಲ್ಲಿ, ಈ ವಾಕ್ಯದಲ್ಲಿ ಆ ಕಾಲದ ಸಂಸ್ಕೃತಿಯ ಉಡುಪನ್ನಲ್ಲ, ಒಳಗಿರುವ ದೈವಸಂದೇಶವನ್ನು ಸ್ವೀಕರಿಸಬೇಕೆಂದರು. ಹೆಂಡತಿಯ ಮೇಲೆ ಕೈ ಮಾಡುವುದು ಪೌರುಷವಲ್ಲ, ಹೇಡಿತನ ಎಂಬುದು ಅವರ ಮಾತಿನ ಭಾವ.

ನೊಂದ ಸಹೋದರಿಗೆ

ಸಹನೆ ಸದ್ಗುಣವೇ ಹೌದು. ಆದರೆ ಹೊಡೆತ ತಿನ್ನುವುದು ದೇವರ ಚಿತ್ತವೆಂದು ಧರ್ಮಸಭೆ ಬೋಧಿಸುವುದಿಲ್ಲ. 1983ರ ಧರ್ಮಸಭಾ ಕಾನೂನು ಸಂಹಿತೆಯ 1153ನೆಯ ಕಲಂ ನೋಡಿರಿ. ಸಂಗಾತಿಯಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಘೋರ ಅಪಾಯವಿದ್ದರೆ, ಧರ್ಮಾಧ್ಯಕ್ಷರ ಆದೇಶ ಪಡೆದು ಬೇರೆ ವಾಸಿಸಬಹುದು. ತಡಮಾಡಿದರೆ ಅಪಾಯ ಎನ್ನುವಂತಿದ್ದರೆ ತಾವೇ ನಿರ್ಧರಿಸಿ ಹೊರಬರಬಹುದು. ಮಕ್ಕಳಿಗೆ ಅಪಾಯವಿದ್ದರೂ ಇದೇ ನಿಯಮ. ಹೀಗೆ ಬಂದವಳು ವಿವಾಹ ಸಂಸ್ಕಾರವನ್ನು ಮುರಿದವಳಲ್ಲ. ನಮ್ಮ ದೇಶದ 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯಿದೆಯೂ ಆಕೆಗೆ ರಕ್ಷಣೆ ಕೊಡುತ್ತದೆ. 181 ಮಹಿಳಾ ಸಹಾಯವಾಣಿಯ ಸಂಖ್ಯೆ. ಗುರುಗಳಲ್ಲಿಯೋ ಕನ್ಯಾಸ್ತ್ರೀಯರಲ್ಲಿಯೋ ಹೇಳಿಕೊಳ್ಳಲು ನಾಚಬೇಕಾಗಿಲ್ಲ. ನಾಚಬೇಕಾದವನು ಹೊಡೆದವನು.

ಹಿರಿಯರೇ, ಅತ್ತೆಯಂದಿರೇ, ನಿಮ್ಮ ಬಳಿ ಅಳುತ್ತಾ ಬಂದವಳಿಗೆ ಬೈಬಲಿನ ಅರ್ಧ ವಾಕ್ಯ ಹೇಳಿ ಕಳುಹಿಸಬೇಡಿರಿ. ಪೂರ್ಣ ವಾಕ್ಯವನ್ನು ಮಗನಿಗೂ ಓದಿ ಹೇಳಿರಿ.

ಈ ವಾರ ಮನೆಯಲ್ಲಿ

ಸಂಜೆಯ ಜಪಸರದ ಬಳಿಕ ಎಫೆಸದವರಿಗೆ ಬರೆದ ಪತ್ರದ 5ನೆಯ ಅಧ್ಯಾಯವನ್ನು 21ರಿಂದ 33ರವರೆಗೆ ಒಟ್ಟಿಗೆ ಓದಿರಿ. ಗಂಡನಾದವನು 25ನೆಯ ವಚನವನ್ನು ತಾನೇ ಗಟ್ಟಿಯಾಗಿ ಓದಲಿ. ಆಮೇಲೆ ಒಬ್ಬರಿಗೊಬ್ಬರು ಕೇಳಿಕೊಳ್ಳಿರಿ:

1. ನಮ್ಮ ಮನೆಯಲ್ಲಿ ಹಣದ ವಿಷಯವನ್ನು ಯಾರು ತೀರ್ಮಾನಿಸುತ್ತಾರೆ? ಇಬ್ಬರೂ ಕೂಡಿಯೇ?

2. ನನ್ನ ಯಾವ ಮಾತಿಗೆ ನನ್ನ ಸಂಗಾತಿ ಹೆದರುತ್ತಾರೆ?

3. ನಮ್ಮನ್ನು ನೋಡಿ ನಮ್ಮ ಮಕ್ಕಳು ವಿವಾಹದ ಬಗ್ಗೆ ಏನು ಕಲಿಯುತ್ತಿದ್ದಾರೆ?

ಎರಡನೆಯ ಪ್ರಶ್ನೆಗೆ ಉತ್ತರ ಬರಲು ತಡವಾಗಬಹುದು. ಕಾದು ಕೇಳಿರಿ.