ಕಮೋಡ್, ಬೇಸಿನ್ ಚಕ್ಕೆ ಎದ್ದಿವೆ, ಏನು ಮಾಡಲಿ?

ಪ್ರಶ್ನೆ: ನಂಜನಗೂಡಿನ ನಮ್ಮ ಹೊಸ ಮನೆಯಲ್ಲಿ ಟಿ. ನರಸೀಪುರದ ಪ್ಲಂಬರ್ ಕೂರಿಸಿದ ಬೇಸಿನ್, ಕಮೋಡ್ ಎರಡೂ ಚಕ್ಕೆ ಎದ್ದಿವೆ. ಕೂಲಿ ಇನ್ನೂ ಬಾಕಿಯಿದೆ.

ಉತ್ತರ: ಕಷ್ಟಪಟ್ಟು ಕಟ್ಟಿಸಿದ ಮನೆ, ನಿಮ್ಮ ಸಂಕಟ ಅರ್ಥವಾಗುತ್ತದೆ. ಮೊದಲು ಫೋಟೊ ತೆಗೆದು, ಬಿಲ್ ಜೋಪಾನವಾಗಿಡಿ. ನಟ್ಟು ಅತಿಯಾಗಿ ಬಿಗಿದರೆ ಪಿಂಗಾಣಿ ಸೀಳುತ್ತದೆ. ಚಕ್ಕೆಯಿಂದ ಬಿರುಕು ಹರಿದಿದೆಯೇ ನೋಡಿ. ಕಮೋಡ್ ಬಿರುಕು ಬಿಟ್ಟಿದ್ದರೆ ಬಳಸಲೇಬೇಡಿ. ಭಾರಕ್ಕೆ ಒಡೆದು ಮೈ ಕುಯ್ದೀತು. ಅದನ್ನು ಬದಲಿಸಲೇಬೇಕು. ಬೇಸಿನ್ ಅಂಚಿನ ಸಣ್ಣ ಚಕ್ಕೆಯಾದರೆ ಚೆನ್ನಾಗಿ ಒಣಗಿಸಿ ಎಪಾಕ್ಸಿ ತುಂಬಿಸಿ.

ಬಾಕಿ ಕೊಡುವ ಮುನ್ನ ಪ್ಲಂಬರ್ ಜೊತೆ ಕೂತು, ನಷ್ಟ ಯಾರು ಭರಿಸುವುದೆಂದು ಬರೆಸಿಕೊಳ್ಳಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಆಮೇಲೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗವಿದೆ: 2 ವರ್ಷದೊಳಗೆ ದೂರು ಕೊಡಬೇಕು, ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.