ಮಗುವಿಗೆ ಮಲಮೂತ್ರ ವಿಸರ್ಜನೆಯ ಅಭ್ಯಾಸ

ಮಗು ಅಂಬೆಗಾಲಿಕ್ಕಿ ಹೊಸ್ತಿಲು ದಾಟಿದಾಗ ಮನೆಯವರು ಸಿಹಿ ಹಂಚುತ್ತಾರೆ. ಹಲ್ಲು ಮೂಡುವುದು ಒಂದೆರಡು ತಿಂಗಳು ತಡವಾದರೆ ಕಾಯುತ್ತಾರೆಯೇ ಹೊರತು ಅದಕ್ಕಾಗಿ ಮಗುವನ್ನು ಯಾರೂ ಗದರಿಸುವುದಿಲ್ಲ. ಆದರೆ ಅದೇ ಮಗು ಎರಡು ವರ್ಷ ತುಂಬಿದ ಮೇಲೂ ಚಡ್ಡಿಯಲ್ಲಿ ಮಲ ವಿಸರ್ಜಿಸಿದರೆ ಬೈಗುಳ, ಪೆಟ್ಟು, ಕೆಲವು ಮನೆಗಳಲ್ಲಿ ಬರೆ ಹಾಕುವ ಬೆದರಿಕೆ ಕೂಡ ಆರಂಭವಾಗುತ್ತವೆ. ಇದು ಸರಿಯಲ್ಲ. ಮಲಮೂತ್ರಗಳ ಮೇಲೆ ಹತೋಟಿ ಬರುವುದು ಹಲ್ಲು ಮೂಡುವಂತೆಯೇ ಶರೀರದ ಬೆಳವಣಿಗೆಯ ಒಂದು ಹಂತ. ಅದನ್ನು ಅವಸರದಿಂದ ತರಲಾಗುವುದಿಲ್ಲ. ಆದರೆ ಅವಸರದಿಂದ ಕೆಡಿಸಬಹುದು.

ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುಗಳು ಎರಡು. ಒಳಗಿನದು ತಾನೇ ತಾನಾಗಿ ಕೆಲಸ ಮಾಡುತ್ತದೆ. ಹೊರಗಿನದು ನಮ್ಮ ಇಚ್ಛೆಗೆ ಒಳಪಟ್ಟದ್ದು. ಕೂಸಿನಲ್ಲಿ ಮಲಾಶಯ ತುಂಬಿದೊಡನೆ ಮಲ ಹೊರಬರುತ್ತದೆ, ಏಕೆಂದರೆ ತುಂಬಿದೆ ಎಂಬ ಸಂದೇಶ ಮಿದುಳಿಗೆ ತಲುಪಿ, ಅಲ್ಲಿಂದ 'ತಡೆ' ಎಂಬ ಆಜ್ಞೆ ಹಿಂದಿರುಗುವಷ್ಟು ನರಮಂಡಲ ಇನ್ನೂ ಬಲಿತಿರುವುದಿಲ್ಲ. ಮೂತ್ರಕೋಶದ ವಿಷಯವೂ ಹೀಗೆಯೇ. ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಹೆಚ್ಚಿನ ಮಕ್ಕಳಲ್ಲಿ ಈ ಶಕ್ತಿ ಮೂಡತೊಡಗುತ್ತದೆ. ಹಗಲಿನ ಹತೋಟಿ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷದ ನಡುವೆ ಕೈಗೂಡುತ್ತದೆ. ಗಂಡುಮಕ್ಕಳು ಹೆಣ್ಣುಮಕ್ಕಳಿಗಿಂತ ಕೆಲವು ತಿಂಗಳು ಹಿಂದೆ ಬೀಳುವುದುಂಟು; ಅದರಲ್ಲಿ ಚಿಂತಿಸುವಂಥದು ಏನೂ ಇಲ್ಲ.

ಇಲ್ಲಿ ಹಿರಿಯರಿಂದ ಒಂದು ಆಕ್ಷೇಪಣೆ ಬರುವುದು ಖಂಡಿತ. "ನಮ್ಮ ಕಾಲದಲ್ಲಿ ಆರು ತಿಂಗಳಿಗೇ ಅಭ್ಯಾಸ ಮಾಡಿಸುತ್ತಿದ್ದೆವು" ಎಂದು ಅಜ್ಜಿಯರು ಹೇಳುತ್ತಾರೆ. ಎರಡೂ ಕಾಲುಗಳನ್ನು ಮುಂದೆ ಚಾಚಿ ಕುಳಿತು, ಪಾದಗಳ ಮೇಲೆ ಕೂಸನ್ನು ಕೂರಿಸಿ, 'ಉಶ್' ಎಂದು ಸದ್ದು ಮಾಡಿ ಮಲಮೂತ್ರ ಮಾಡಿಸುವ ಪದ್ಧತಿ ಇಂದಿಗೂ ನಮ್ಮ ಹಳ್ಳಿಗಳಲ್ಲಿದೆ. ಇದು ಒಳ್ಳೆಯ ಪದ್ಧತಿಯೇ. ಬಟ್ಟೆ ಹೊಲಸಾಗುವುದು ತಪ್ಪುತ್ತದೆ, ಮಗುವಿಗೆ ಹೊತ್ತಿನ ಅಭ್ಯಾಸವಾಗುತ್ತದೆ. ಆದರೆ ಇಲ್ಲಿ ಹೊತ್ತನ್ನು ಗುರುತಿಸಲು ಕಲಿತವರು ಅಜ್ಜಿಯೇ ಹೊರತು ಮಗುವಲ್ಲ. ಆದುದರಿಂದ ಅದೇ ಮಗು ಓಡಾಡಲು ಕಲಿತು, ಒಂದೂವರೆ ವರ್ಷಕ್ಕೆ ಮತ್ತೆ ಅಂಗಳದಲ್ಲಿ ಮೂತ್ರ ಮಾಡತೊಡಗಿದರೆ 'ಕಲಿತದ್ದನ್ನು ಮರೆತಿದೆ, ಹಟ ಮಾಡುತ್ತಿದೆ' ಎಂದು ಭಾವಿಸಬಾರದು. ಅದರ ಸ್ವಂತ ಕಲಿಕೆ ಆಗತಾನೆ ಮೊದಲಾಗುತ್ತಿದೆ.

ಮಗುವಿನ ಸಿದ್ಧತೆಯನ್ನು ಅದು ತಾನೇ ತೋರಿಸಿಕೊಡುತ್ತದೆ. ಎರಡು ಗಂಟೆಯ ಕಾಲ ಚಡ್ಡಿ ಒದ್ದೆಯಾಗದೆ ಉಳಿಯುವುದು. ಮಲ ಬರುವಾಗ ಆಟ ನಿಲ್ಲಿಸಿ ಬಾಗಿಲ ಹಿಂದೆಯೋ ಮೂಲೆಗೋ ಹೋಗಿ ನಿಲ್ಲುವುದು. 'ಕಕ್ಕ', 'ಉಚ್ಚೆ' ಎಂದು ಹೇಳುವುದು ಅಥವಾ ಚಡ್ಡಿಯನ್ನು ಹಿಡಿದು ಎಳೆಯುವುದು. "ಚೊಂಬು ತೆಗೆದುಕೊಂಡು ಬಾ" ಎಂದರೆ ತರುವುದು. ಅಣ್ಣ ಅಕ್ಕ ಶೌಚಾಲಯಕ್ಕೆ ಹೋದರೆ ಬೆನ್ನು ಹತ್ತುವುದು. ಮೊದಮೊದಲು ಮಗು ಚಡ್ಡಿಯಲ್ಲಿ ಆದ ಮೇಲೆ ಹೇಳುತ್ತದೆ. "ಆದ ಮೇಲೆ ಹೇಳಿ ಏನು ಪ್ರಯೋಜನ?" ಎಂದು ಗದರಿಸುವ ತಾಯಂದಿರನ್ನು ನಾನು ದಿನವೂ ಕಾಣುತ್ತೇನೆ. ಪ್ರಯೋಜನವಿದೆ. ಇಂದು ಆದ ಮೇಲೆ ಹೇಳುವ ಮಗುವೇ ಕೆಲವು ವಾರಗಳಲ್ಲಿ ಆಗುತ್ತಿರುವಾಗ ಹೇಳುತ್ತದೆ, ಅನಂತರ ಆಗುವ ಮೊದಲು ಹೇಳುತ್ತದೆ. ಆದ ಮೇಲೆ ಹೇಳಿದ್ದಕ್ಕೆ ಪೆಟ್ಟು ತಿಂದ ಮಗು ಹೇಳುವುದನ್ನೇ ಬಿಡುತ್ತದೆ.

ಅಮೆರಿಕದ ಮಕ್ಕಳ ವೈದ್ಯ ಬ್ರೇಜಲ್ಟನ್ ಅವರು 1962ರಲ್ಲಿ 1,170 ಮಕ್ಕಳ ವಿವರಗಳನ್ನು ಪ್ರಕಟಿಸಿದರು. ಮಗುವಿನ ಸಿದ್ಧತೆಗೆ ಕಾದು, ಒತ್ತಾಯವಿಲ್ಲದೆ ಅಭ್ಯಾಸ ಮಾಡಿಸಿದಾಗ ಸರಾಸರಿ ಎರಡು ವರ್ಷ ನಾಲ್ಕು ತಿಂಗಳ ಹೊತ್ತಿಗೆ ಹಗಲಿನ ಹತೋಟಿ ಬಂದಿತ್ತು. ನಮ್ಮ ಹಳ್ಳಿಯ ಮಕ್ಕಳು ಚಡ್ಡಿಯಿಲ್ಲದೆ ಅಂಗಳದಲ್ಲಿ ಬೆಳೆಯುವುದರಿಂದ ಕೆಲವರು ಇದಕ್ಕೂ ಮುಂಚೆ ಕಲಿಯಬಹುದು. ಕಾಯುವುದರಿಂದ ನಷ್ಟವಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದ ಅಂಶ.

ಅಭ್ಯಾಸ ಮಾಡಿಸುವ ಕ್ರಮ

ಆಹಾರ ಹೊಟ್ಟೆಗೆ ಬಿದ್ದಾಗ ದೊಡ್ಡ ಕರುಳು ಚಲಿಸುವುದು ಶರೀರದ ಧರ್ಮ. ಆದುದರಿಂದ ಬೆಳಗಿನ ತಿಂಡಿ ಅಥವಾ ಅಂಬಲಿ ಕುಡಿಸಿದ ಕಾಲು ಗಂಟೆಯ ಬಳಿಕ ಮಗುವನ್ನು ಕೂರಿಸುವುದು ಉತ್ತಮ. ಐದು ನಿಮಿಷ ಸಾಕು. ಆಗದಿದ್ದರೆ ಸುಮ್ಮನೆ ಎಬ್ಬಿಸಿಬಿಡಿ. ಅರ್ಧ ಗಂಟೆ ಹಿಡಿದು ಕೂರಿಸಿದರೆ ಮಗು ಆ ಜಾಗವನ್ನೇ ದ್ವೇಷಿಸುತ್ತದೆ.

ದೊಡ್ಡವರ ಶೌಚಾಲಯದ ಗುಂಡಿ ಪುಟ್ಟ ಮಗುವಿಗೆ ಬಾವಿಯಂತೆ ಕಾಣುತ್ತದೆ. ಒಳಗೆ ಕತ್ತಲೆ, ಎರಡು ಮೆಟ್ಟಿಲುಕಲ್ಲುಗಳ ನಡುವಿನ ಅಂತರವೋ ಅದರ ಕಾಲಿಗೆ ನಿಲುಕದು. ಇಂತಹ ಕಡೆ ಒಂಟಿಯಾಗಿ ಬಿಟ್ಟು ಬಾಗಿಲು ಹಾಕಿಕೊಂಡರೆ ಹೆದರದೆ ಏನು ಮಾಡೀತು? ಆರಂಭದಲ್ಲಿ ಪ್ಲಾಸ್ಟಿಕ್ಕಿನ ಪಾಟಿಯನ್ನು ಬಳಸಬಹುದು. ಇಲ್ಲದಿದ್ದರೆ ನೆಲದ ಮೇಲೆ ಹಳೆಯ ಕಾಗದ ಹಾಸಿ ಅದರ ಮೇಲೆ ಕುಕ್ಕರಗಾಲಿನಲ್ಲಿ ಕೂರಿಸಿದರೂ ಆಗುತ್ತದೆ. ಪಾಟಿಯಾದರೆ ಮಗುವಿನ ಪಾದಗಳು ನೆಲಕ್ಕೆ ಊರಿರಬೇಕು. ಕಾಲು ಜೋತಾಡುತ್ತಿದ್ದರೆ ಮುಕ್ಕುವುದಕ್ಕೆ ಬಲ ಬರುವುದಿಲ್ಲ. ಗುಂಡಿಯಿಲ್ಲದ ಸಡಿಲ ಚಡ್ಡಿ ಹಾಕಿ. ಉಡುದಾರಕ್ಕೆ ಸಿಕ್ಕಿಸಿದ ಲಂಗೋಟಿಯನ್ನು ಮಗು ತಾನಾಗಿ ಬಿಚ್ಚಿಕೊಳ್ಳಲಾರದು. ಮನೆಯವರೆಲ್ಲರೂ ಒಂದೇ ಮಾತು ಬಳಸಿರಿ: ತಾಯಿ 'ಕಕ್ಕ' ಎಂದು, ಅಜ್ಜಿ 'ಎರಡಕ್ಕೆ' ಎಂದು ಹೇಳಿದರೆ ಮಗು ಗಲಿಬಿಲಿಗೊಳ್ಳುತ್ತದೆ. ತಂದೆಯಾದವನು ಈ ಕೆಲಸದಿಂದ ದೂರ ಉಳಿಯಲು ವೈದ್ಯಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ.

ತಮ್ಮನೋ ತಂಗಿಯೋ ಹುಟ್ಟಿದಾಗ, ತಾಯಿ ತವರಿಗೆ ಹೋದಾಗ, ಜ್ವರ ಬಂದಾಗ, ಅಂಗನವಾಡಿಗೆ ಹೊಸದಾಗಿ ಸೇರಿದಾಗ ಕಲಿತ ಮಗುವೂ ಹಿಂದಕ್ಕೆ ಹೋಗುತ್ತದೆ. ಕೆಲವು ವಾರ ಸುಮ್ಮನಿದ್ದು ಮತ್ತೆ ಆರಂಭಿಸಿದರಾಯಿತು.

ಒತ್ತಾಯದಿಂದ ಆಗುವ ಅಪಾಯ

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಂಗಳಿಗೆ ಒಂದೆರಡಾದರೂ ಇಂತಹ ಮಕ್ಕಳು ಬರುತ್ತವೆ. ವಯಸ್ಸು ಮೂರರ ಆಸುಪಾಸು. "ಡಾಕ್ಟರೇ, ಹದಿನೈದು ದಿನದಿಂದ ಭೇದಿ, ಚಡ್ಡಿಯಲ್ಲಿ ಸದಾ ಸ್ವಲ್ಪ ಸ್ವಲ್ಪ ಆಗುತ್ತಲೇ ಇದೆ" ಎಂದು ತಾಯಿ ಹೇಳುತ್ತಾಳೆ. ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟೂ ಆಗಿರುತ್ತದೆ. ಹೊಟ್ಟೆಯನ್ನು ಮುಟ್ಟಿ ನೋಡಿದರೆ ಎಡಭಾಗದ ಕೆಳಗೆ ಕಲ್ಲಿನಂತಹ ಮಲದ ಗಂಟು ಕೈಗೆ ಸಿಗುತ್ತದೆ. ಇದು ಭೇದಿಯಲ್ಲ, ತೀವ್ರ ಮಲಬದ್ಧತೆ. ಗಟ್ಟಿ ಮಲದ ಪಕ್ಕದಿಂದ ತೆಳುವಾದ ಮಲ ಜಿನುಗಿ ಚಡ್ಡಿಗೆ ತಾಗುತ್ತಿರುತ್ತದೆ. ಅದು ಮಗುವಿನ ಅರಿವಿಗೇ ಬರುವುದಿಲ್ಲ. ಅದಕ್ಕಾಗಿ ಹೊಡೆಯುವುದು ಶೀತವಾಗಿ ಮೂಗು ಸೋರಿದ್ದಕ್ಕೆ ಹೊಡೆದಂತೆ.

ಇದು ಆರಂಭವಾಗುವ ಬಗೆಯನ್ನು ತಿಳಿಯಿರಿ. ಮಗು ಒಮ್ಮೆ ಗಟ್ಟಿ ಮಲದಿಂದ ನೋವು ಅನುಭವಿಸಿರುತ್ತದೆ, ಇಲ್ಲವೇ ಮಲ ವಿಸರ್ಜನೆಯ ಕಾರಣಕ್ಕೆ ಪೆಟ್ಟು ತಿಂದಿರುತ್ತದೆ. ಮುಂದಿನ ಸಲ ಮಲ ಬರುವಂತಾದಾಗ ತುದಿಗಾಲಲ್ಲಿ ನಿಂತು, ಕಾಲುಗಳನ್ನು ಹೆಣೆದುಕೊಂಡು, ಮುಖ ಕೆಂಪಗೆ ಮಾಡಿಕೊಂಡು ತಡೆಯುತ್ತದೆ. ನೋಡಿದವರು ಮುಕ್ಕುತ್ತಿದೆ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಅದು ಬಿಗಿಹಿಡಿಯುತ್ತಿರುತ್ತದೆ. ತಡೆದ ಮಲದಿಂದ ನೀರಿನಂಶ ಹೀರಿಹೋಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಇನ್ನಷ್ಟಾಗುತ್ತದೆ, ಭಯವೂ ಇನ್ನಷ್ಟಾಗುತ್ತದೆ. ಮಲಾಶಯ ಹಿಗ್ಗಿ, ತುಂಬಿದ್ದು ತಿಳಿಯದಂತಾಗುತ್ತದೆ. ಹೀಗಾದ ಮೇಲೆ ತಿಂಗಳುಗಟ್ಟಲೆ ಮಲ ಮೃದುವಾಗಿಸುವ ಔಷಧ ಕೊಡಬೇಕಾಗುತ್ತದೆ. ಹರಳೆಣ್ಣೆ ಕುಡಿಸುವುದು, ವೀಳ್ಯದೆಲೆಯ ತೊಟ್ಟನ್ನೋ ಸಾಬೂನಿನ ಚೂರನ್ನೋ ಗುದದ್ವಾರಕ್ಕೆ ತೂರಿಸುವುದು ಸಲ್ಲದು. ಇವುಗಳಿಂದ ನೋವು, ಹುಣ್ಣು, ಭಯ ಹೆಚ್ಚುತ್ತವೆ.

ತಡೆಯುವ ಉಪಾಯ ಅಡುಗೆಮನೆಯಲ್ಲಿಯೇ ಇದೆ. ಸೊಪ್ಪಿನ ಸಾರು, ಹುರುಳಿ, ಹೆಸರುಕಾಳು, ರಾಗಿ, ಪರಂಗಿಹಣ್ಣು, ಸೀಬೆಹಣ್ಣು, ಆಗಾಗ ನೀರು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಗು ಅನ್ನ ಮುದ್ದೆ ಮುಟ್ಟುವುದಿಲ್ಲ; ಅಂತಹ ಮಗುವಿಗೆ ಮಲಬದ್ಧತೆ, ರಕ್ತಹೀನತೆ ಎರಡೂ ಬರುತ್ತವೆ.

ಮಗುವಿನ ಮಲ ನಿರಪಾಯಕಾರಿಯಲ್ಲ

"ಎಳೆಮಗುವಿನ ಮಲದಲ್ಲಿ ಏನಿದೆ?" ಎಂಬ ಭಾವನೆ ವಿದ್ಯಾವಂತರಲ್ಲೂ ಇದೆ. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಹಳ್ಳಿಹಳ್ಳಿಯಲ್ಲೂ ಶೌಚಾಲಯಗಳು ಎದ್ದವು. ದೊಡ್ಡವರು ಅದನ್ನು ಬಳಸುವ ಮನೆಯಲ್ಲಿಯೇ ಮಗುವಿನ ಮಲ ತಿಪ್ಪೆಗೋ ಚರಂಡಿಗೋ ಹೋಗುತ್ತಿದ್ದರೆ ಕಟ್ಟಿಸಿದ ಶೌಚಾಲಯದ ಅರ್ಧ ಫಲ ವ್ಯರ್ಥವಾದಂತೆಯೇ. ಮಕ್ಕಳಲ್ಲಿ ಭೇದಿಯೂ ಜಂತುಹುಳುವೂ ದೊಡ್ಡವರಿಗಿಂತ ಹೆಚ್ಚು. ಆದುದರಿಂದ ಅವರ ಮಲದಲ್ಲಿ ರೋಗಾಣುಗಳೂ ಹೆಚ್ಚು. ಪೋಲಿಯೋ ವೈರಾಣು ಹರಡುತ್ತಿದ್ದುದೂ ಮುಖ್ಯವಾಗಿ ಮಲದ ದಾರಿಯಲ್ಲಿಯೇ. ನಮ್ಮ ದೇಶದಲ್ಲಿ ಅದರ ಕೊನೆಯ ಸಹಜ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ.

ದುಂಡುಹುಳುವಿನ ಮೊಟ್ಟೆ ಮಲದೊಡನೆ ನೆಲಕ್ಕೆ ಬಿದ್ದು, ಕೆಲವು ವಾರಗಳಲ್ಲಿ ರೋಗ ತರುವ ಶಕ್ತಿ ಪಡೆದು, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಇಂದು ಹಿತ್ತಲಿನಲ್ಲಿ ಬಿದ್ದ ಮಲ ಕಣ್ಣಿಗೆ ಕಾಣದಂತಾದ ಎಷ್ಟೋ ದಿನಗಳ ಬಳಿಕ, ಅದೇ ಮಣ್ಣಿನಲ್ಲಿ ಆಡಿದ ಮಗುವಿನ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಕೊಕ್ಕೆಹುಳುವಿನ ಮರಿಯಂತೂ ಬಾಯಿಗೂ ಕಾಯುವುದಿಲ್ಲ. ಬರಿಗಾಲಿನ ಚರ್ಮವನ್ನು ಕೊರೆದು ಒಳಹೊಕ್ಕು, ಕರುಳಿಗೆ ಅಂಟಿ ರಕ್ತ ಹೀರುತ್ತದೆ.

ಆದುದರಿಂದ ಮಗು ಎಲ್ಲಿಯೇ ಮಲ ವಿಸರ್ಜಿಸಲಿ, ಅದು ಕೊನೆಗೆ ಸೇರಬೇಕಾದದ್ದು ಶೌಚಾಲಯದ ಗುಂಡಿಗೆ. ಪಾಟಿಯನ್ನು ಅಲ್ಲಿಯೇ ಸುರಿದು, ತೊಳೆದ ನೀರನ್ನೂ ಅಲ್ಲಿಗೇ ಹಾಕಿ. ನೆಲದ ಮೇಲೆ ಆಗಿದ್ದರೆ ಬೂದಿ ಅಥವಾ ಮಣ್ಣು ಹಾಕಿ ಮೊರದಂತಹ ತಗಡಿನಿಂದ ಬಾಚಿ ಒಯ್ಯಿರಿ. ಹೊಲಸಾದ ಚಡ್ಡಿಯನ್ನು ಪಾತ್ರೆ ತೊಳೆಯುವ ಜಾಗದಲ್ಲಿ ಜಾಲಿಸಬಾರದು. ಶೌಚಾಲಯ ಹತ್ತಿರವಿಲ್ಲದ ತೋಟದ ಮನೆಗಳಲ್ಲಿ, ಬಾವಿ ಕೊಳವೆಬಾವಿಗಳಿಂದ ದೂರದಲ್ಲಿ ಆಳವಾಗಿ ಹೂಳಬೇಕು. ಬಿಸಾಡುವ ಡಯಾಪರುಗಳನ್ನು ಗುಂಡಿಗೆ ಹಾಕಲೇಬೇಡಿ. ಅವು ಕೊಳೆಯದೆ ಗುಂಡಿಯನ್ನೂ ಕೊಳವೆಯನ್ನೂ ಕಟ್ಟಿಹಾಕುತ್ತವೆ. ಅವುಗಳಲ್ಲಿನ ಮಲವನ್ನು ಶೌಚಾಲಯಕ್ಕೆ ಕೊಡವಿ, ಕಾಗದದಲ್ಲಿ ಸುತ್ತಿ, ಕಸದ ವಾಹನಕ್ಕೆ ಪ್ರತ್ಯೇಕವಾಗಿ ಕೊಡಿ.

ಮಗುವಿನ ಕುಂಡಿ ತೊಳೆದ ಕೈಯನ್ನು ಬರಿಯ ನೀರಿನಲ್ಲಿ ತೊಳೆದರೆ ಸಾಲದು, ಸಾಬೂನು ಬೇಕು. ಮಗುವಿನ ಕೈಯನ್ನೂ ತೊಳೆಯಿರಿ. ಹೆಣ್ಣುಮಗುವನ್ನು ಮುಂದಿನಿಂದ ಹಿಂದಕ್ಕೆ ತೊಳೆಯಬೇಕು. ಹಿಂದಿನಿಂದ ಮುಂದಕ್ಕೆ ತೊಳೆದರೆ ಮಲದ ರೋಗಾಣುಗಳು ಮೂತ್ರನಾಳವನ್ನು ಸೇರುತ್ತವೆ. ಒಂದು ವರ್ಷ ತುಂಬಿದ ಮಕ್ಕಳಿಗೆ 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿಯಲ್ಲಿ ಅಲ್ಬೆಂಡಜೋಲ್ ಕೊಡುತ್ತಾರೆ: ಎರಡು ವರ್ಷದೊಳಗಿನವರಿಗೆ ಅರ್ಧ ಮಾತ್ರೆ ಪುಡಿಮಾಡಿ ನೀರಿನಲ್ಲಿ, ಅನಂತರ ಒಂದು ಪೂರ್ತಿ ಮಾತ್ರೆ. ಅದನ್ನು ತಪ್ಪಿಸಬೇಡಿ.

ರಾತ್ರಿಯ ಹತೋಟಿ ಹಗಲಿನದಕ್ಕಿಂತ ಬಹಳ ತಡವಾಗಿ ಬರುತ್ತದೆ. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದು ರೋಗವಲ್ಲ. ತಂದೆಗೋ ತಾಯಿಗೋ ಬಾಲ್ಯದಲ್ಲಿ ಹಾಗಿದ್ದರೆ ಮಗುವಿಗೂ ಇರುವುದು ಸಾಮಾನ್ಯ. ಅಜ್ಜಿಯನ್ನು ಕೇಳಿದರೆ ಸತ್ಯ ಹೊರಬೀಳುತ್ತದೆ.

ವೈದ್ಯರಲ್ಲಿಗೆ ತಡಮಾಡದೆ ಬರಬೇಕಾದ ಸಂದರ್ಭಗಳೂ ಇವೆ. ಮಲದಲ್ಲಿ ರಕ್ತ, ಹೊಟ್ಟೆ ಉಬ್ಬರದೊಡನೆ ವಾಂತಿ, ಮೂತ್ರ ಮಾಡುವಾಗ ಅಳು ಅಥವಾ ಕಾರಣ ತಿಳಿಯದ ಜ್ವರ, ಹುಟ್ಟಿದ ಮೊದಲ ಎರಡು ದಿನ ಮಲವೇ ಆಗದೆ ಅಂದಿನಿಂದಲೂ ಮಲಬದ್ಧತೆಯಿರುವುದು. ಹಾಸಿಗೆ ಒದ್ದೆಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸಿ, ಅತಿಯಾಗಿ ನೀರು ಕುಡಿಯುತ್ತ ಸೊರಗುತ್ತಿದ್ದರೆ ಅದೇ ದಿನ ಬನ್ನಿ. ಮಕ್ಕಳ ಸಕ್ಕರೆ ಕಾಯಿಲೆ ಹೀಗೆಯೇ ತಲೆದೋರುತ್ತದೆ. ಬರುವ ಮುನ್ನ ಸಾಧ್ಯವಿದ್ದಲ್ಲಿ ಒಂದು ವಾರ ಮಗುವಿಗೆ ಎಂದೆಂದು ಮಲವಾಯಿತು, ಗಟ್ಟಿಯೋ ತೆಳುವೋ, ಏನು ತಿಂದಿತ್ತು ಎಂಬುದನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿ ತನ್ನಿರಿ. ಓದುಬರಹ ಬಾರದವರು ಆಶಾ ಕಾರ್ಯಕರ್ತೆಯಿಂದ ಬರೆಸಿಕೊಂಡರೂ ಆಗುತ್ತದೆ.