ಕೈಕಸುಬಿನ ಗೃಹಾಲಂಕಾರ ವಸ್ತುಗಳು: ಗುಜರಾತಿನ ಮೂರು ನಗರಗಳು ಕಲಿಸುವ ಪಾಠ

ಚನ್ನಪಟ್ಟಣದ ಅರಗಿನ ಬಣ್ಣದ ಬೊಂಬೆಯನ್ನು ಕಾಣದ ಕನ್ನಡಿಗರು ವಿರಳ. ಮಕ್ಕಳ ಆಟಿಕೆಯಾಗಿ ಹೆಸರು ಪಡೆದ ಈ ಕಲೆಯಿಂದ ಇಂದು ದೀಪದ ಕಂಬ, ಹೂದಾನಿ, ಬಳೆಯ ನಿಲುವು, ಮೇಜಿನ ಅಲಂಕಾರ ಸಾಮಗ್ರಿ ಮುಂತಾದುವೂ ಸಿದ್ಧವಾಗುತ್ತಿವೆ. ಮಾಡುವ ಕೈ ಅದೇ, ಅರಗೂ ಅದೇ. ಮಾಡಿದ ವಸ್ತು ಮಾತ್ರ ಬೇರೆ. ಗ್ರಾಹಕರ ಅಭಿರುಚಿ ಬದಲಾದಂತೆ ಕುಶಲಕರ್ಮಿಯೂ ಬದಲಾಗಬೇಕಾಗುತ್ತದೆ. ಆದರೆ ಎಷ್ಟು ಬದಲಾಗಬೇಕು? ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು? ಈ ಪ್ರಶ್ನೆಗೆ ದೊರೆಯುವ ಉತ್ತರವನ್ನು ಅವಲಂಬಿಸಿ ಒಂದು ಕಸುಬು ಮುಂದಿನ ತಲೆಮಾರಿಗೆ ಉಳಿಯುತ್ತದೆ ಅಥವಾ ಅಳಿಯುತ್ತದೆ.

ಗುಜರಾತಿನ ಅಹಮದಾಬಾದ್, ವಡೋದರ ಮತ್ತು ಸೂರತ್ ನಗರಗಳು ಹಾಗೂ ಅವುಗಳ ಸುತ್ತಲಿನ ಊರುಗಳು ಈ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಎದುರಿಸಿವೆ. ಒಂದು ಕಡೆ ವಸ್ತುವಿನ ಉಪಯೋಗ ಬದಲಾಯಿತು. ಇನ್ನೊಂದು ಕಡೆ ಗಾತ್ರ ಮತ್ತು ಬಣ್ಣ. ಮತ್ತೊಂದು ಕಡೆ ಮೂಲ ಸಾಮಗ್ರಿಯೇ ಬದಲಾಯಿತು. ಈ ಮೂರನ್ನೂ ಕ್ರಮವಾಗಿ ಪರಿಶೀಲಿಸೋಣ.

ತಂಬಿಗೆಯಿಂದ ಹುಟ್ಟಿದ ಪ್ರಶ್ನೆ

ಸ್ವಾತಂತ್ರ್ಯಾನಂತರ ನಮ್ಮ ದೇಶದ ಕೈಗಾರಿಕೆಗಳಲ್ಲಿ ವಿನ್ಯಾಸಕ್ಕೆ ಯಾವ ಸ್ಥಾನವಿರಬೇಕೆಂಬುದನ್ನು ಕುರಿತು ಸಲಹೆ ನೀಡಲು ಭಾರತ ಸರ್ಕಾರವು ಅಮೆರಿಕದ ವಿನ್ಯಾಸಕಾರ ದಂಪತಿಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರನ್ನು ಆಹ್ವಾನಿಸಿತು. 1958ರಲ್ಲಿ ಅವರು ಸಲ್ಲಿಸಿದ ವರದಿಯಲ್ಲಿ ಅತ್ಯುತ್ತಮ ವಿನ್ಯಾಸದ ಉದಾಹರಣೆಯಾಗಿ ಎತ್ತಿ ಹೇಳಿದ್ದು ನಮ್ಮ ಮನೆಗಳ ಸಾಮಾನ್ಯ ತಂಬಿಗೆಯನ್ನು. ಅದರಲ್ಲಿ ಎಷ್ಟು ನೀರು ಹಿಡಿಯಬೇಕು, ಅದನ್ನು ತಲೆಯ ಮೇಲೆ ಹೊರುವರೋ ಸೊಂಟದಲ್ಲಿ ಇಟ್ಟುಕೊಳ್ಳುವರೋ, ನೀರು ಸುರಿಯುವಾಗ ತೂಕ ಹೇಗೆ ಸರಿಯುತ್ತದೆ, ಬೆಲೆ ಎಷ್ಟು ಎಂಬಂಥ ಹತ್ತಾರು ಪ್ರಶ್ನೆಗಳನ್ನು ಅವರು ಮುಂದಿಟ್ಟರು. ತಂಬಿಗೆಯನ್ನು ಒಬ್ಬ ವ್ಯಕ್ತಿ ರೂಪಿಸಲಿಲ್ಲ; ಅನೇಕ ತಲೆಮಾರುಗಳ ಬಳಕೆಯೇ ಅದನ್ನು ತಿದ್ದಿ ರೂಪಿಸಿತು ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪನೆಗೊಂಡಿತು. ಅದಕ್ಕೂ ಮೊದಲು, 1949ರಲ್ಲಿ, ಇದೇ ನಗರದಲ್ಲಿ ಕ್ಯಾಲಿಕೊ ಜವಳಿ ವಸ್ತುಸಂಗ್ರಹಾಲಯ ಆರಂಭವಾಗಿತ್ತು. ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗವು 1950ರಲ್ಲಿ ಪ್ರಾರಂಭಗೊಂಡಿತು. ಅಲ್ಲಿ ಬೋಧಿಸಿದ ಕಲಾವಿದ ಕೆ.ಜಿ. ಸುಬ್ರಹ್ಮಣ್ಯನ್ (1924–2016) ಅವರು ಕರಕುಶಲ ಕಲೆಯನ್ನು ಚಿತ್ರಕಲೆಗಿಂತ ಕೀಳೆಂದು ಎಣಿಸದೆ, ಸ್ವತಃ ಮರದ ಆಟಿಕೆಗಳನ್ನು ತಯಾರಿಸಿದರು. ಹೀಗೆ ಕುಶಲಕರ್ಮಿ ಮತ್ತು ತರಬೇತಿ ಪಡೆದ ವಿನ್ಯಾಸಕಾರ ಇಬ್ಬರೂ ಒಂದೇ ಪ್ರದೇಶದಲ್ಲಿ ನೆರೆಹೊರೆಯವರಾದರು.

ಅಹಮದಾಬಾದ್: ಗುಡಿಯ ಬಟ್ಟೆ ಗೋಡೆಗೆ ಬಂದದ್ದು

'ಮಾತಾನಿ ಪಛೇಡಿ' ಎಂದರೆ ತಾಯಿಯ ಹಿಂಬದಿಗೆ ಕಟ್ಟುವ ಬಟ್ಟೆ ಎಂದರ್ಥ. ಅಲೆಮಾರಿ ಜೀವನ ನಡೆಸುತ್ತಿದ್ದ ದೇವಿಪೂಜಕ ಸಮುದಾಯದವರು ಇದರ ನಿರ್ಮಾತೃಗಳು. ದೇವಾಲಯಗಳಲ್ಲಿ ಪ್ರವೇಶ ದೊರೆಯದ ಕಾರಣ ಅವರು ಬಟ್ಟೆಯ ಮೇಲೆ ದೇವಿಯನ್ನು ಬರೆದು, ಅಂಥ ಬಟ್ಟೆಗಳನ್ನೇ ಸುತ್ತ ಕಟ್ಟಿ ಗುಡಿ ಮಾಡಿಕೊಂಡರೆಂದು ಪರಂಪರೆ ಹೇಳುತ್ತದೆ. ನಡುವೆ ದೇವಿಯ ದೊಡ್ಡ ರೂಪ, ಸುತ್ತ ಸಾಲುಸಾಲಾಗಿ ಭಕ್ತರು, ಪ್ರಾಣಿಪಕ್ಷಿಗಳು, ಗಿಡಮರಗಳು ಇರುತ್ತವೆ. ಇದನ್ನು ಬರೆಯುವ ಕುಟುಂಬಗಳಿಗೆ 'ಚಿತಾರಾ' ಎಂಬ ಹೆಸರಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಮರದ ಬೊಂಬೆಗಳನ್ನು ಮಾಡುವ ಚಿತ್ರಗಾರರನ್ನು ಬಲ್ಲ ಕನ್ನಡಿಗರಿಗೆ ಈ ಹೆಸರು ಅಪರಿಚಿತವೆನಿಸದು.

ಇದರ ತಯಾರಿಕೆಯ ಕ್ರಮ ಗಮನಾರ್ಹವಾಗಿದೆ. ಹತ್ತಿಯ ಬಟ್ಟೆಯನ್ನು ಚೆನ್ನಾಗಿ ತೊಳೆದು ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ತುಕ್ಕು ಹಿಡಿದ ಕಬ್ಬಿಣ ಮತ್ತು ಬೆಲ್ಲವನ್ನು ಕೆಲವು ದಿನ ಕೊಳೆಯಿಸಿ ಪಡೆದ ದ್ರವದಿಂದ ರೇಖೆಗಳನ್ನು ಎಳೆಯುತ್ತಾರೆ. ಬಟ್ಟೆಯಲ್ಲಿರುವ ಅಳಲೆಯ ಒಗರಿಗೆ ಕಬ್ಬಿಣದ ಅಂಶ ತಾಗಿದೊಡನೆ ಅದು ಕಪ್ಪಾಗುತ್ತದೆ. ಕೆಂಪು ಬೇಕಾದ ಕಡೆ ಹುಣಿಸೆಬೀಜದ ಅಂಟಿನೊಡನೆ ಕಲಸಿದ ಪಟಿಕವನ್ನು ಹಚ್ಚುತ್ತಾರೆ. ಬಳಿಕ ಹರಿಯುವ ನೀರಿನಲ್ಲಿ ತೊಳೆದು ಅಲಿಜರಿನ್ ಎಂಬ ಬಣ್ಣದ ನೀರಿನಲ್ಲಿ ಕುದಿಸಿದಾಗ, ಪಟಿಕ ತಾಗಿದ ಭಾಗದಲ್ಲಿ ಮಾತ್ರ ಗಾಢವಾದ ಕೆಂಪು ಮೂಡುತ್ತದೆ. ನಿಂತ ನೀರಿನಲ್ಲಿ ತೊಳೆದರೆ ಬಿಟ್ಟ ಬಣ್ಣವು ಬಿಳಿಯ ಭಾಗಕ್ಕೆ ಅಂಟಿ ಕಲೆಯಾಗುತ್ತದೆ. ಆದ್ದರಿಂದಲೇ ಈ ಕಲೆಗೆ ಸಾಬರಮತಿ ನದಿಯೊಡನೆ ಬಿಡಿಸಲಾಗದ ನಂಟು ಬೆಳೆಯಿತು.

ಕಾಲಕ್ರಮದಲ್ಲಿ ಪಛೇಡಿಯು ಪೂಜಾಸ್ಥಳದಿಂದ ಗ್ರಾಹಕರ ಮನೆಯ ಗೋಡೆಗೆ ಬಂದಿತು. ಜೀವವೃಕ್ಷ, ನವಿಲು, ಆನೆಗಳ ಚಿಕ್ಕ ಚಿತ್ರಫಲಕಗಳಿಗೆ, ದಿಂಬಿನ ಹೊದಿಕೆಗಳಿಗೆ ಬೇಡಿಕೆ ಉಂಟಾಯಿತು. ಕೆಂಪು, ಕಪ್ಪು, ಬಿಳಿಗಳ ಜೊತೆಗೆ ಇತರ ವರ್ಣಗಳೂ ಸೇರಿದವು. ಈ ಕಲೆಯ ಹಿರಿಯ ಕಲಾವಿದ ಭಾನುಭಾಯಿ ಚುನಿಲಾಲ್ ಚಿತಾರಾ ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಅದೇ ವರ್ಷ ಪಛೇಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಲಭಿಸಿತು. ಇಲ್ಲಿ ಉಪಯೋಗ ಬದಲಾಗಿದೆ. ಆದರೆ ಅಳಲೆ, ಕಬ್ಬಿಣ, ಪಟಿಕಗಳ ಕ್ರಮ ಉಳಿದಿರುವವರೆಗೆ ಅದು ಪಛೇಡಿಯೇ ಆಗಿರುತ್ತದೆ.

ವಡೋದರ: ತವರವು ಚಿನ್ನವಾಗುವ ಸಂಖೇಡಾ

ವಡೋದರದ ಆಗ್ನೇಯಕ್ಕೆ ಓರ್ಸಂಗ್ ನದಿಯ ದಡದಲ್ಲಿರುವ ಸಂಖೇಡಾ ಹಿಂದೆ ವಡೋದರ ಜಿಲ್ಲೆಗೆ ಸೇರಿತ್ತು. 2013ರಿಂದ ಛೋಟಾ ಉದಯಪುರ ಜಿಲ್ಲೆಯಲ್ಲಿದೆ. ತೇಗದ ಮರವನ್ನು ಕಡೆದು ಅರಗಿನ ಲೇಪ ಕೊಟ್ಟು ತಯಾರಿಸುವ ಪೀಠೋಪಕರಣಗಳಿಗೆ ಇದು ಪ್ರಸಿದ್ಧವಾಗಿದೆ. ತಲೆತಲಾಂತರದಿಂದ ಈ ಕೆಲಸ ಮಾಡುತ್ತ ಬಂದವರು ಖರಾಡಿ ಸುತಾರರು. ಮಗಳ ಮದುವೆಯಲ್ಲಿ ಸಂಖೇಡಾದ ಪೀಠೋಪಕರಣವನ್ನು ಉಡುಗೊರೆಯಾಗಿ ನೀಡುವುದು ಗುಜರಾತಿನ ಅನೇಕ ಮನೆತನಗಳ ಸಂಪ್ರದಾಯವಾಗಿತ್ತು. ತೂಗುಯ್ಯಾಲೆ, ತೊಟ್ಟಿಲು, ಕುರ್ಚಿಗಳಲ್ಲಿ ಕಡುಗೆಂಪಿನ ಮೇಲೆ ಹೊಂಬಣ್ಣದ ಚಿತ್ತಾರವೇ ಅದರ ಗುರುತಾಗಿತ್ತು.

ಆ ಹೊಂಬಣ್ಣದಲ್ಲಿ ಚಿನ್ನದ ಲೇಶವೂ ಇಲ್ಲ. ತವರವನ್ನು ಅರೆದು ಅಂಟಿನಲ್ಲಿ ಕಲಸಿ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಒಣಗಿದ ಮೇಲೆ ಅಕೀಕ್ ಕಲ್ಲಿನಿಂದ ಉಜ್ಜಿದರೆ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಅದರ ಮೇಲೆ ಶಾಖದಲ್ಲಿ ಕರಗಿಸಿದ ಪಾರದರ್ಶಕ ಅರಗನ್ನು ಲೇಪಿಸಿದಾಗ, ಅರಗಿನ ಜೇನುಬಣ್ಣದ ಮೂಲಕ ಕಾಣುವ ತವರವು ಚಿನ್ನದಂತೆ ತೋರುತ್ತದೆ. ಕೊನೆಯಲ್ಲಿ ಕೇದಗೆಯ ಗರಿಯಿಂದ ಉಜ್ಜಿ ನುಣುಪು ಕೊಡುತ್ತಾರೆ. ಚನ್ನಪಟ್ಟಣದಲ್ಲಿಯೂ ಹಾಲೆಮರದ ಆಟಿಕೆಗಳಿಗೆ ಇದೇ ಗರಿಯಿಂದ ಹೊಳಪು ಕೊಡುವುದನ್ನು ಇಲ್ಲಿ ನೆನೆಯಬಹುದು.

ನಗರಗಳ ಮನೆಗಳು ಚಿಕ್ಕವಾದಂತೆ ದೊಡ್ಡ ಉಯ್ಯಾಲೆಗೆ ಸ್ಥಳ ಸಾಲದಾಯಿತು. ಕಡುಗೆಂಪು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಕುಶಲಕರ್ಮಿಗಳು ದಂತದ ಬಣ್ಣ, ನೀಲಿ, ಹಸಿರು, ತಾಮ್ರ, ಬೆಳ್ಳಿಯ ಛಾಯೆಗಳನ್ನು ಬಳಕೆಗೆ ತಂದರು. ಚಿಕ್ಕ ಪೆಟ್ಟಿಗೆ, ಹೂದಾನಿ, ಕೋಲಾಟದ ಕೋಲು ಮುಂತಾದ ಕೈಗೆಟಕುವ ಬೆಲೆಯ ವಸ್ತುಗಳಿಗೂ ಗಮನ ಕೊಟ್ಟರು. ಇಲ್ಲಿ ಗಾತ್ರ ಮತ್ತು ಬಣ್ಣ ಬದಲಾದವು. ಕಡೆಯುವ ಹಾಗೂ ಅರಗು ಕೂಡಿಸುವ ಕ್ರಮ ಉಳಿಯಿತು.

ಸೂರತ್: ದಂತವಿಲ್ಲದ ಸಾದೇಲಿ

ಸೂರತ್ ಎಂದೊಡನೆ ಜರಿ ಮತ್ತು ವಜ್ರದ ಕೆಲಸ ನೆನಪಾಗುತ್ತದೆ. ಅದೇ ನಗರದ 'ಸಾದೇಲಿ' ಎಂಬ ಕೂಡಣೆ ಕಲೆ ಅಷ್ಟಾಗಿ ಪ್ರಚಾರ ಪಡೆದಿಲ್ಲ. ಇದು ಪರ್ಷಿಯಾದ ಶಿರಾಜ್ ನಗರದಿಂದ ಸಿಂಧ್ ಮಾರ್ಗವಾಗಿ ಬಂದಿತೆಂಬ ಪ್ರತೀತಿಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೆಲಸದ ಪೆಟ್ಟಿಗೆಗಳು 'ಬಾಂಬೆ ಪೆಟ್ಟಿಗೆ' ಎಂಬ ಹೆಸರಿನಿಂದ ಇಂಗ್ಲೆಂಡಿನ ಮನೆಗಳನ್ನು ಸೇರಿದವು. ಇದನ್ನು ಉಳಿಸಿಕೊಂಡು ಬಂದವರ 'ಪೇಟಿಗರಾ' ಎಂಬ ಮನೆತನದ ಹೆಸರಿಗೆ ಪೆಟ್ಟಿಗೆ ಮಾಡುವವರು ಎಂದೇ ಅರ್ಥ.

ಮೈಸೂರಿನ ಬೀಟೆಮರದ ಕೂಡಣೆ ಕೆಲಸದಲ್ಲಿ ಮರದ ಹಲಗೆಯಲ್ಲಿ ಕುಳಿ ತೆಗೆದು ಒಂದೊಂದೇ ತುಣುಕನ್ನು ಕೂಡಿಸುತ್ತಾರೆ. ಸಾದೇಲಿಯ ವಿಧಾನ ಬೇರೆ. ಬಗೆಬಗೆಯ ವಸ್ತುಗಳ ತೆಳುವಾದ, ಬಹುಮಟ್ಟಿಗೆ ತ್ರಿಕೋನಾಕಾರದ ಕಡ್ಡಿಗಳನ್ನು ಅಂಟಿಸಿ ಕಟ್ಟಾಗಿ ಬಿಗಿಯುತ್ತಾರೆ. ಒಣಗಿದ ಕಟ್ಟನ್ನು ಅಡ್ಡಲಾಗಿ ಬಿಲ್ಲೆಬಿಲ್ಲೆಯಾಗಿ ಕೊಯ್ದರೆ, ಪ್ರತಿಯೊಂದು ಬಿಲ್ಲೆಯಲ್ಲಿಯೂ ಒಂದೇ ನಕ್ಷತ್ರದ ಅಥವಾ ಷಟ್ಕೋನದ ಆಕೃತಿ ಕಾಣುತ್ತದೆ. ಇವನ್ನು ಪೆಟ್ಟಿಗೆಯ ಮೇಲೆ ಅಂಟಿಸಿ ನಯಗೊಳಿಸುತ್ತಾರೆ. ಕಡ್ಡಿಗಳನ್ನು ಕೂಡಿಸುವಾಗ ಆದ ಚಿಕ್ಕ ತಪ್ಪು ಕಟ್ಟಿನ ಎಲ್ಲ ಬಿಲ್ಲೆಗಳಲ್ಲಿಯೂ ಮರುಕಳಿಸುವುದರಿಂದ ಇದು ತಾಳ್ಮೆಯನ್ನು ಬೇಡುವ ಕೆಲಸ.

ಹಿಂದೆ ಬಿಳಿಯ ಭಾಗಕ್ಕೆ ಆನೆಯ ದಂತವೇ ಮುಖ್ಯವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986 ಮತ್ತು 1991ರಲ್ಲಿ ತರಲಾದ ತಿದ್ದುಪಡಿಗಳು ದಂತದ ವ್ಯಾಪಾರಕ್ಕೆ ಸಂಪೂರ್ಣವಾಗಿ ತಡೆ ಹಾಕಿದವು. ಕಸುಬಿನ ಪ್ರಮುಖ ಸಾಮಗ್ರಿಯೇ ಇಲ್ಲವಾಯಿತು. ಆದರೆ ಕಲೆಯ ತಿರುಳು ದಂತದಲ್ಲಿರದೆ ಜೋಡಣೆಯ ಲೆಕ್ಕಾಚಾರದಲ್ಲಿ ಇತ್ತು. ಬಣ್ಣ ಕೊಟ್ಟ ಮರ ಮತ್ತು ಕೃತಕ ವಸ್ತುಗಳು ದಂತದ ಜಾಗಕ್ಕೆ ಬಂದವು. ಆನೆಯೂ ಉಳಿಯಬೇಕು, ಕಲೆಯೂ ಉಳಿಯಬೇಕು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ. ಹಾಗಿದ್ದರೂ ಇಂದು ಈ ಕೆಲಸ ಬಲ್ಲ ಕುಟುಂಬಗಳು ಬೆರಳೆಣಿಕೆಯಷ್ಟೇ ಎಂಬುದು ಕಳವಳದ ಸಂಗತಿ.

ಅಭಿರುಚಿಯ ದಿಕ್ಕು

ಇಂದಿನ ಗ್ರಾಹಕರು ಒಂದು ದೊಡ್ಡ ವಸ್ತುವಿಗಿಂತ ಹಲವು ಚಿಕ್ಕ ವಸ್ತುಗಳನ್ನು ಇಷ್ಟಪಡುತ್ತಾರೆ. ಅಲಂಕಾರಕ್ಕೆ ಮಾತ್ರ ಇರುವುದಕ್ಕಿಂತ ತಟ್ಟೆ, ದೀಪ, ಡಬ್ಬಿ, ಚಿತ್ರದ ಚೌಕಟ್ಟಿನಂತೆ ನಿತ್ಯ ಬಳಕೆಗೆ ಬರುವುದನ್ನು ಬಯಸುತ್ತಾರೆ. ಉಡುಗೊರೆಗಾಗಿ ಕೊಳ್ಳುವವರೂ ಹೆಚ್ಚಿದ್ದಾರೆ. ಇದು ಕುಶಲಕರ್ಮಿಗೆ ಅವಕಾಶವೂ ಹೌದು, ಅಪಾಯವೂ ಹೌದು. ಚಿಕ್ಕ ವಸ್ತುವನ್ನು ಯಂತ್ರದಿಂದ ಅನುಕರಿಸುವುದು ಸುಲಭ. ಪಛೇಡಿಯ ಚಿತ್ರವನ್ನು ಯಂತ್ರದಲ್ಲಿ ಮುದ್ರಿಸಿದ ಬಟ್ಟೆ, ಅರಗಿನ ಬದಲು ರಾಸಾಯನಿಕ ಬಣ್ಣ ಸಿಂಪಡಿಸಿದ ಮರ, ಸಾದೇಲಿಯ ಆಕೃತಿಯನ್ನು ಅಚ್ಚು ಮಾಡಿದ ಹಾಳೆ ಅಂಟಿಸಿದ ಪೆಟ್ಟಿಗೆ ದೂರದಿಂದ ಅಸಲಿಯಂತೆಯೇ ಕಾಣುತ್ತವೆ. ಬೆಲೆ ಮಾತ್ರ ಬಹಳ ಕಡಿಮೆ. ಇವೆರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ವ್ಯತ್ಯಾಸ ತಿಳಿಯದ ಗ್ರಾಹಕನು ಅಗ್ಗದ ವಸ್ತುವನ್ನೇ ಆರಿಸುವುದು ಸಹಜ. ದಿನಗಳ ಪರಿಶ್ರಮಕ್ಕೆ ತಕ್ಕ ಪ್ರತಿಫಲ ಸಿಗದಿದ್ದರೆ ಕುಶಲಕರ್ಮಿಯ ಮಕ್ಕಳು ಬೇರೆ ಉದ್ಯೋಗ ಹುಡುಕುವುದೂ ಅಷ್ಟೇ ಸಹಜ.

ಕೊಳ್ಳುವವರು ಗಮನಿಸಬೇಕಾದ ಅಂಶಗಳು

1. ಪಛೇಡಿಯ ಹಿಂಬದಿಯನ್ನು ನೋಡಬೇಕು. ನೂಲಿಗೆ ಇಳಿದ ಬಣ್ಣ ಹಿಂದೆಯೂ ಕಾಣುತ್ತದೆ. ಮೇಲೆ ಮಾತ್ರ ಅಚ್ಚಾದದ್ದು ಹಿಂಬದಿಯಲ್ಲಿ ಮಸುಕಾಗಿರುತ್ತದೆ. ಕೈಯಿಂದ ಎಳೆದ ಎರಡು ರೇಖೆಗಳು ಎಂದೂ ತದ್ರೂಪವಾಗಿರುವುದಿಲ್ಲ.

2. ಅರಗಿನ ವಸ್ತುಗಳ ಮೇಲೆ ಬಿಸಿ ಪಾತ್ರೆಯನ್ನು ಇಡಬಾರದು, ಸ್ಪಿರಿಟ್ ಬೆರೆತ ದ್ರವದಿಂದ ಒರೆಸಬಾರದು. ಅರಗು ಶಾಖಕ್ಕೆ ಮೆದುವಾಗುತ್ತದೆ, ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

3. ಸಾದೇಲಿಯ ಪೆಟ್ಟಿಗೆಯಲ್ಲಿ ತುಣುಕುಗಳ ಸಂದನ್ನು ಬೆಳಕಿಗೆ ಹಿಡಿದು ನೋಡಬೇಕು. ಮರದ ಎಳೆ ಪ್ರತಿ ತುಣುಕಿನಲ್ಲಿಯೂ ಬೇರೆಬೇರೆಯಾಗಿ ಕಾಣಬೇಕು. ದಂತವೆಂದು ಹೇಳಿ ಮಾರಲು ಬಂದರೆ ಕೊಳ್ಳಬಾರದು, ಅದು ಕಾನೂನುಬಾಹಿರ.

4. ಭೌಗೋಳಿಕ ಗುರುತಿನ ಕಾಯಿದೆ 1999ರಲ್ಲಿ ಅಂಗೀಕೃತವಾಗಿ 2003ರಲ್ಲಿ ಜಾರಿಗೆ ಬಂದಿತು. ಸಂಖೇಡಾ ಪೀಠೋಪಕರಣ, ಚನ್ನಪಟ್ಟಣದ ಆಟಿಕೆ, ಮೈಸೂರಿನ ಬೀಟೆಮರದ ಕೂಡಣೆ ಮೊದಲಾದುವು ಇದರಡಿ ನೋಂದಣಿಯಾಗಿವೆ. ಈ ಹೆಸರುಗಳಲ್ಲಿ ಮಾರುವವರನ್ನು ವಸ್ತು ಎಲ್ಲಿ, ಯಾರಿಂದ ತಯಾರಾಯಿತೆಂದು ಕೇಳುವುದು ಗ್ರಾಹಕನ ಹಕ್ಕು.

ಉಪಸಂಹಾರ

ಮೂರು ನಗರಗಳ ಅನುಭವದಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಉಪಯೋಗ, ಗಾತ್ರ, ಬಣ್ಣ, ಅಗತ್ಯವಾದರೆ ಸಾಮಗ್ರಿಯೂ ಬದಲಾಗಬಹುದು. ಕೆಲಸದ ಕ್ರಮ ಬಿಟ್ಟುಹೋದರೆ ಮಾತ್ರ ಕಲೆ ಉಳಿಯುವುದಿಲ್ಲ; ಅದರ ಚಿತ್ರವಷ್ಟೇ ಉಳಿಯುತ್ತದೆ. ತಂಬಿಗೆಯನ್ನು ತಲೆಮಾರುಗಳ ಬಳಕೆದಾರರು ತಿದ್ದಿದಂತೆ, ಇಂದಿನ ಕರಕುಶಲ ವಸ್ತುವನ್ನೂ ಕೊಳ್ಳುವವರೇ ತಿದ್ದುತ್ತಿದ್ದಾರೆ. ಮುಂದಿನ ಬಾರಿ ಮೇಳದಲ್ಲಾಗಲಿ ಮಳಿಗೆಯಲ್ಲಾಗಲಿ ಇಂಥದೊಂದು ವಸ್ತುವನ್ನು ಕೈಗೆತ್ತಿಕೊಂಡಾಗ ಬೆಲೆ ಕೇಳುವ ಮೊದಲು, ಇದನ್ನು ಹೇಗೆ ಮಾಡಿದರು ಎಂದು ಕೇಳೋಣ. ಆ ಪ್ರಶ್ನೆಗೆ ಉತ್ತರಿಸಬಲ್ಲವರು ನಮ್ಮ ನಡುವೆ ಇರುವವರೆಗೆ ಆ ಕಸುಬು ಜೀವಂತವಾಗಿರುತ್ತದೆ.